ಗಡಿಯಾರ ನಿಲ್ಲಿಸುವ ಕೆಲಸ

ಬೇರೆ ಕಾಲೇಜಿನವರು ಸುಮ್ಮನೆ ಸೋಲುತ್ತಾರೆ. ನಮ್ಮ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ಹುಡುಗಿಯರು ಗೆದ್ದು ಸೋಲುತ್ತಾರೆ. ಇಂಥದ್ದು ಒಂದು ಸಲ ನಡೆದರೆ ಗ್ರಹಚಾರ ಅನ್ನಬಹುದು. ಪ್ರತಿ ವಾರ ನಡೆದರೆ ಟೈಮ್‌ಟೇಬಲ್ ಅನ್ನಬೇಕಾಗುತ್ತದೆ. ಆಟ ಮುಗಿಯಲು ನಾಲ್ಕೈದು ನಿಮಿಷ ಉಳಿಯುವ ತನಕ ಇವರನ್ನು ಹಿಡಿಯುವವರಿಲ್ಲ. ಆಮೇಲೆ ಚೆಂಡು ಕೈಯಿಂದ ಜಾರುತ್ತದೆ, ಒಬ್ಬಳು ಇನ್ನೊಬ್ಬಳ ಕಾಲು ತುಳಿಯುತ್ತಾಳೆ, ಕಣ್ಣು ಮುಚ್ಚಿ ಎಸೆದರೂ ಬೀಳಬೇಕಾದ ಚೆಂಡು ಬೀಳುವುದಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ನಮ್ಮವರದು ಬಾಯಿಗೂ ಬಂದಿರುತ್ತದೆ, ಅಗಿದೂ ಆಗಿರುತ್ತದೆ, ನುಂಗುವುದೊಂದು ಬಾಕಿ.

ಇದನ್ನೆಲ್ಲ ನಾನು ತೀರ ಹತ್ತಿರದಿಂದ ನೋಡಿದ್ದೇನೆ. ಕೋರ್ಟಿನ ಪಕ್ಕದ ಮೇಜಿನಲ್ಲಿ ಕೂತು ಆಟದ ಗಡಿಯಾರ ನಡೆಸುವವಳು ನಾನೇ.

೧. ಹನಿ ನಿಲ್ಲಿಸುವ ಕೈ

ನನ್ನ ನಿಜವಾದ ಕೆಲಸ ಕೆಮಿಸ್ಟ್ರಿ ಲ್ಯಾಬ್ ನೋಡಿಕೊಳ್ಳುವುದು. ನ್ಯೂಜೆರ್ಸಿಯ ಈ ಸಣ್ಣ ಕಾಲೇಜಿನಲ್ಲಿ ಸೀಸೆ ತೊಳೆಸುವುದರಿಂದ ಹಿಡಿದು ಮಕ್ಕಳ ಕಣ್ಣಿಗೆ ಆಸಿಡ್ ಹಾರದಂತೆ ಗದರಿಸುವ ತನಕ ಎಲ್ಲ ನನ್ನದೇ. ಬ್ಯುರೆಟ್ಟಿನಿಂದ ಹನಿ ಹನಿಯಾಗಿ ದ್ರಾವಣ ಬಿಡುತ್ತ, ಬಣ್ಣ ತಿರುಗುವ ಹನಿಗೆ ಸರಿಯಾಗಿ ನಿಲ್ಲಿಸುವುದರಲ್ಲಿ ನನ್ನ ಕೈ ಒಳ್ಳೆಯದು ಎಂದು ಹೆಸರು.

ಈ ಹೆಸರು ಕ್ರೀಡಾ ವಿಭಾಗದ ಡೈರೆಕ್ಟರ್ ಕಿವಿಗೆ ಬಿತ್ತು. ಗಡಿಯಾರ ನಡೆಸಲು ಅವರಿಗೊಬ್ಬರು ಬೇಕಿತ್ತು. ಲೈಬ್ರರಿಯಿಂದ ಪಾರ್ಕಿಂಗ್ ಆಫೀಸಿನ ತನಕ ಎಲ್ಲರೂ ಕೈಮುಗಿದ ಮೇಲೆ ನನ್ನ ಬಾಗಿಲಿಗೆ ಬಂದರು. ಕೆಲಸ ಇಷ್ಟೇ: ರೆಫರಿ ಸೀಟಿ ಊದಿದರೆ ಗಡಿಯಾರ ನಿಲ್ಲಿಸಬೇಕು, ಚೆಂಡು ಮತ್ತೆ ಒಳಗಿನ ಆಟಗಾರ್ತಿಯ ಕೈಗೆ ತಗುಲಿದ ಕೂಡಲೆ ಓಡಿಸಬೇಕು.

ಬೇರೆ ಕಾಲದಲ್ಲಾಗಿದ್ದರೆ ನಾನೂ ಕೈಮುಗಿಯುತ್ತಿದ್ದೆ. ಆದರೆ ನನ್ನ ಯಜಮಾನರು ಹೋಗಿ ಎರಡನೇ ಚಳಿಗಾಲ ಅದು. ಮಗಳು ಸಿಯಾಟಲ್‌ನಲ್ಲಿದ್ದಾಳೆ, ಭಾನುವಾರ ಫೋನ್ ಮಾಡುತ್ತಾಳೆ. ಉಳಿದ ದಿನ ನಾಲ್ಕೂವರೆಗೇ ಕತ್ತಲಾಗುತ್ತದೆ. ಸೀಕಾಕಸ್‌ನಲ್ಲಿ ಟ್ರೇನ್ ಬದಲಿಸಿ, ಮನೆಗೆ ಹೋಗಿ ಬಾಗಿಲು ತೆಗೆದರೆ ಬೆಳಿಗ್ಗೆ ನಾನು ಇಟ್ಟ ಲೋಟ ಇಟ್ಟಲ್ಲೇ ಇರುತ್ತದೆ. ಮೊದಲು ಅವರು ಲೋಟ ಎಲ್ಲೆಂದರಲ್ಲಿ ಇಡುತ್ತಾರೆಂದು ಜಗಳವಾಡಿದವಳು ನಾನು. ಈಗ ಅದು ಕದಲಿಲ್ಲವಲ್ಲ ಎಂದು ನಾನೇ ಎತ್ತಿ ಬೇರೆ ಕಡೆ ಇಡುತ್ತೇನೆ. ಆಟ ಇರುವುದು ಬುಧವಾರ, ಶನಿವಾರ; ವಾರಕ್ಕೆ ಆ ಎರಡು ಸಂಜೆಯಾದರೂ ಮನೆಗೆ ಬೇಗ ಹೋಗಬಾರದು, ಅಷ್ಟೇ ನನ್ನ ಆಸೆಯಾಗಿತ್ತು.

"ನನಗೆ ಆಟ ಗೊತ್ತಿಲ್ಲ. ನಾನು ಆಡಿರೋದು ಕುಂಟೆಬಿಲ್ಲೆ ಒಂದೇ," ಎಂದೆ. ಅದೇನೆಂದು ವಿವರಿಸಿದೆ.

"ಅದರಲ್ಲಿ ಗಡಿಯಾರ ಇರುತ್ತಾ?" ಎಂದು ಕೇಳಿದರು.

"ಇಲ್ಲ. ಅಮ್ಮ ಒಳಗಿಂದ ಕೂಗಿದರೆ ಆಟ ಮುಗಿದ ಹಾಗೆ."

"ಹಾಗಾದರೆ ನಿಮಗೆ ಎಲ್ಲ ಗೊತ್ತು. ಇಲ್ಲಿ ಆ ಅಮ್ಮ ನೀವೇ," ಎಂದು ಕೈಗೆ ಸ್ವಿಚ್ಚು ಕೊಟ್ಟು ಹೋದರು.

೨. ಪಕ್ಷಪಾತವಿಲ್ಲದ ಮಾತು

ಮೇಜಿನವರಿಗೆ ಒಂದು ಕಟ್ಟುನಿಟ್ಟು ಇದೆ. ನಮ್ಮ ಕಾಲೇಜೇ ಆಡುತ್ತಿದ್ದರೂ ಚಪ್ಪಾಳೆ ತಟ್ಟುವಂತಿಲ್ಲ, ಕೂಗುವಂತಿಲ್ಲ, ಮುಖ ಅರಳಿಸುವಂತಿಲ್ಲ. ಸಾವಿನ ಮನೆಯಲ್ಲಿ ಕೂತ ಹಾಗೆ ಕೂತಿರಬೇಕು. ಆ ಅಭ್ಯಾಸ ನನಗೆ ಹೊಸದಾಗಿ ಆಗಿದ್ದರಿಂದ ಕಷ್ಟವೆನಿಸಲಿಲ್ಲ.

ಮೊದಲ ಆಟ. ಐದು ನಿಮಿಷ ಉಳಿದಾಗ ನಾವು ಆರು ಪಾಯಿಂಟ್ ಮುಂದಿದ್ದೆವು. ಟೈಮ್‌ಟೇಬಲ್ ಪ್ರಕಾರ ಎಲ್ಲ ಜಾರಿತು. ಕಟ್ಟಕಡೆಯ ಸೆಕೆಂಡಿನಲ್ಲಿ ಎದುರು ತಂಡದ ಹುಡುಗಿ ಎಲ್ಲಿಂದಲೋ ಎಸೆದ ಚೆಂಡು ಸೀದಾ ಬುಟ್ಟಿಗೆ ಬಿತ್ತು. ನಾನು "ಅಯ್ಯೋ" ಅಂದೆ. ಮೆಲ್ಲಗೇ ಅಂದೆ. ಆದರೆ ಪಕ್ಕದಲ್ಲಿ ಕೂತು ಅನೌನ್ಸ್ ಮಾಡುವವನ ಮೈಕು ಆನ್ ಆಗಿಯೇ ಇತ್ತು. ಇಡೀ ಜಿಮ್ಮಿನಲ್ಲಿ, ಮೇಲಿನ ಸಾಲಿನ ತನಕ, ನನ್ನ ಅಯ್ಯೋ ಹೋಗಿ ಗೋಡೆಗೆ ಬಡಿದು ವಾಪಸು ಬಂತು.

ರೆಫರಿ ಮೇಜಿನ ಹತ್ತಿರ ಬಂದರು. ಎತ್ತರದ ಮನುಷ್ಯ, ದಪ್ಪ ಮೀಸೆ, ನಗುವುದನ್ನು ಯಾರೂ ನೋಡಿಲ್ಲ. "ಈಗ ಹೇಳಿದ್ದು ಯಾವ ತಂಡದ ಪರ?" ಎಂದು ಕೇಳಿದರು.

"ಯಾವುದರ ಪರವೂ ಅಲ್ಲ. ನಮ್ಮ ಕಡೆ ಹಾಲು ಉಕ್ಕಿದರೂ ಅಂತೀವಿ, ನೆಂಟರು ಬಂದರೂ ಅಂತೀವಿ."

ಅವರು ಒಪ್ಪಿಕೊಂಡು ಹೋದರು. ಆದರೆ ಗ್ಯಾಲರಿಯಲ್ಲಿದ್ದ ಹುಡುಗ ಹುಡುಗಿಯರು ಬಿಡಲಿಲ್ಲ. ಮುಂದಿನ ಆಟದಿಂದ ನಮ್ಮವರ ಕೈಯಿಂದ ಚೆಂಡು ಜಾರಿದಾಗಲೆಲ್ಲ ಇಡೀ ಗ್ಯಾಲರಿ ಒಕ್ಕೊರಲಿನಿಂದ "ಅಯ್ಯೋ" ಅನ್ನತೊಡಗಿತು. ಮೂವತ್ತು ವರ್ಷದಿಂದ ಈ ದೇಶದಲ್ಲಿದ್ದೇನೆ, ಇಷ್ಟು ಜನ ಒಟ್ಟಿಗೆ ಕನ್ನಡ ಮಾತಾಡಿದ್ದನ್ನು ನಾನು ಕನ್ನಡ ಕೂಟದಲ್ಲೂ ಕೇಳಿಲ್ಲ.

೩. ತಂಗಿಯ ಶಾಸ್ತ್ರ

ಮೈಸೂರಿನಲ್ಲಿರುವ ತಂಗಿಗೆ ಈ ಕೆಲಸ ಅರ್ಥ ಮಾಡಿಸುವುದೇ ಒಂದು ಸಾಹಸವಾಯಿತು.

"ಏನಕ್ಕಾ, ನಿಮ್ಮಲ್ಲಿ ಸಂಜೆ ಆದಾಗ ಫೋನ್ ಮಾಡಿದ್ರೆ ಎತ್ತಲ್ಲ?"

"ಆಟದ ಹತ್ರ ಇದ್ದೆ ಕಣೇ. ಗಡಿಯಾರ ನಿಲ್ಸೋ ಕೆಲಸ."

"ಎಂಎಸ್ಸಿ ಮಾಡಿದ್ದು ಅದಕ್ಕಾ?"

"ನಿಲ್ಸೋದೂ ಇರತ್ತೆ, ಓಡ್ಸೋದೂ ಇರತ್ತೆ."

"ಅಲ್ಲಕ್ಕಾ, ನಿಂತ ಗಡಿಯಾರ ಮನೇಲಿ ಇಟ್ಕೋಬಾರದು, ದರಿದ್ರ ಅಂತ ಅಮ್ಮ ಬಡ್ಕೋತಿದ್ಳು. ನೀನು ಅದನ್ನೇ ಉದ್ಯೋಗ ಮಾಡ್ಕೊಂಡಿದ್ದೀಯಲ್ಲ. ಅದಕ್ಕೇ ಆ ಹುಡ್ಗೀರು ಸೋಲ್ತಿರೋದು."

ಅವಳಿಗೆ ಹೇಳದ ಒಂದು ವಿಷಯವಿತ್ತು. ಈ ಆಟದ ಕೊನೆಯ ಎರಡು ನಿಮಿಷ ನಿಜವಾಗಿ ಎರಡು ನಿಮಿಷವಲ್ಲ. ಹಿಂದುಳಿದ ತಂಡದವರು ಬೇಕೆಂದೇ ಎದುರಾಳಿಯನ್ನು ತಡೆದು ಫೌಲ್ ಮಾಡುತ್ತಾರೆ, ಗಡಿಯಾರ ನಿಲ್ಲುತ್ತದೆ. ಕೋಚ್ ಟೈಮ್‌ಔಟ್ ಕೇಳುತ್ತಾರೆ, ಮತ್ತೆ ನಿಲ್ಲುತ್ತದೆ. ಬೋರ್ಡಿನ ಮೇಲೆ ಎರಡು ನಿಮಿಷ ಕಳೆಯುವುದರಲ್ಲಿ ಗೋಡೆ ಗಡಿಯಾರದಲ್ಲಿ ಅರ್ಧ ಗಂಟೆ ಹೋಗಿರುತ್ತದೆ. ನಮ್ಮ ಹುಡುಗಿಯರು ಎಷ್ಟು ಕೆಟ್ಟದಾಗಿ ಎಡವುತ್ತಾರೋ ನಾನು ಅಷ್ಟು ತಡವಾಗಿ ಮನೆಗೆ ಹೋಗುತ್ತೇನೆ. ಸಮ ಸಮ ಆಗಿಬಿಟ್ಟರಂತೂ ಹೆಚ್ಚುವರಿ ಐದು ನಿಮಿಷದ ಆಟ, ಅಂದರೆ ನನಗೆ ಮತ್ತೊಂದು ಮುಕ್ಕಾಲು ಗಂಟೆ ಜನರ ಮಧ್ಯೆ.

ಒಂದು ಸಂಜೆ ಹಾಗೆ ಸಮವಾಯಿತು. ಜಿಮ್ಮಿನಲ್ಲಿ ಎಲ್ಲರೂ ಉಸ್ಸೆಂದರು. ನನ್ನ ಪಕ್ಕ ಕೂತು ಸ್ಕೋರ್ ಬರೆಯುವವರು ಒಬ್ಬ ರಿಟೈರ್ಡ್ ಲೆಕ್ಕದ ಮೇಷ್ಟ್ರು, ಹುಟ್ಟಿದ್ದು ಬೆಳೆದದ್ದು ಎಲ್ಲ ಜೆರ್ಸಿಯಲ್ಲೇ. ಅವರು ಪೆನ್ಸಿಲ್ ಕುಕ್ಕಿದರು. "ಮನೇಲಿ ಹೆಂಡತಿ ಬಡಿಸಿಕೊಂಡು ಕೂತಿರ್ತಾಳೆ. ಊಟ ತಣ್ಣಗಾಗುತ್ತೆ. ನೀವು ಯಾಕೆ ನಗ್ತಾ ಇದ್ದೀರಿ? ನಿಮ್ಮ ಊಟ ತಣ್ಣಗಾಗಲ್ವಾ?"

"ನನ್ನದು ಭಾನುವಾರದಿಂದಲೇ ಫ್ರಿಜ್ಜಿನಲ್ಲಿದೆ," ಎಂದೆ. "ಇನ್ನು ತಣ್ಣಗಾಗೋದಕ್ಕೆ ಜಾಗ ಇಲ್ಲ."

೪. ಯಾರೂ ಏಳಬ್ಯಾಡ್ರಿ

ನಮ್ಮ ತಂಡದಲ್ಲಿ ಚೆಂಡು ನಡೆಸುವ ಮುಖ್ಯ ಹುಡುಗಿ ಕನ್ನಡದವಳು. ಹುಟ್ಟಿದ್ದು ಇಲ್ಲೇ. ಅಪ್ಪ ಧಾರವಾಡ, ಅಮ್ಮ ಬೆಂಗಳೂರು. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ, ಬೈಸಿಕೊಂಡಾಗ ಮಾತ್ರ ಧಾರವಾಡ ಹೊರಗೆ ಬರುತ್ತದೆ. ಅವಳ ಅಪ್ಪ ಅಮ್ಮ ಒಂದು ಆಟವನ್ನೂ ತಪ್ಪಿಸುವುದಿಲ್ಲ. ಶನಿವಾರವಾದರೆ ಐಸೆಲಿನ್‌ಗೆ ಹೋಗಿ ಅಲ್ಲಿನ ಇಂಡಿಯನ್ ಅಂಗಡಿಗಳಲ್ಲಿ ತಿಂಗಳ ಸಾಮಾನು ತುಂಬಿಸಿಕೊಂಡು ಅಲ್ಲಿಂದಲೇ ಡ್ರೈವ್ ಮಾಡಿಕೊಂಡು ಬರುತ್ತಾರೆ. ಸರಿಯಾಗಿ ನನ್ನ ಬೆನ್ನ ಹಿಂದಿನ ಸಾಲಿನಲ್ಲಿ ಕೂರುತ್ತಾರೆ. ಕೊತ್ತಂಬರಿ ಸೊಪ್ಪಿನ ವಾಸನೆ ಬಂದರೆ ತಿರುಗಿ ನೋಡುವುದೇ ಬೇಡ.

ಅಪ್ಪ ಕ್ರಿಕೆಟ್ ನೋಡಿ ಬೆಳೆದವರು. ಮನೆಯಲ್ಲಿ ಟೀವಿ ಮುಂದೆ ಕೂತಾಗ ಬ್ಯಾಟಿಂಗ್ ಚೆನ್ನಾಗಿ ನಡೆಯುತ್ತಿದ್ದರೆ ಯಾರೂ ಜಾಗ ಬಿಟ್ಟು ಏಳಬಾರದು, ಎದ್ದರೆ ವಿಕೆಟ್ ಬಿತ್ತು, ಇದು ನಮ್ಮಲ್ಲಿ ಎಳೆಮಗುವಿಗೂ ಗೊತ್ತು. ಆ ಕಾನೂನನ್ನು ಅವರು ಬ್ಯಾಸ್ಕೆಟ್‌ಬಾಲಿಗೂ ತಂದರು. ಒಮ್ಮೆ ಆಟದ ನಾಲ್ಕು ಕ್ವಾರ್ಟರಿನಲ್ಲಿ ಮೂರನೆಯದು ಮುಗಿದಾಗ ನಾವು ಬಹಳ ಮುಂದಿದ್ದೆವು. ಅವರು ಎದ್ದು ನಿಂತು, ಹಿಂದಿನ ಮೂರು ಸಾಲಿಗೆ ಕೈ ಅಡ್ಡ ಹಿಡಿದರು.

"ಇನ್ನ ಯಾರೂ ಏಳಬ್ಯಾಡ್ರಿ. ಹೆಂಗ ಕುಂತೀರಿ ಹಂಗ ಕುಂದರ್ರಿ." ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ, ಕಾರಣ ಸಮೇತ.

ಅಲ್ಲಿದ್ದವರಲ್ಲಿ ಒಬ್ಬರು ಇನ್ನೊಬ್ಬ ಆಟಗಾರ್ತಿಯ ಅಪ್ಪ, ಅಮೆರಿಕನ್, ದೊಡ್ಡ ಲೋಟದ ತುಂಬ ಸೋಡಾ ಕುಡಿದು ಮುಗಿಸಿದ್ದವರು. ಪಾಪ, ಒಳ್ಳೆಯ ಮನುಷ್ಯ. ಬೇರೆಯವರ ಸಂಸ್ಕೃತಿಗೆ ಗೌರವ ಕೊಡಬೇಕೆಂದು ಕಾಲ ಮೇಲೆ ಕಾಲು ಹಾಕಿ ಕೂತರು. ಕಡೆಯ ಎರಡು ನಿಮಿಷ ಅರ್ಧ ಗಂಟೆಯಾಯಿತು. ಅವರ ಮುಖ ಕೆಂಪಾಗಿ, ಬಿಳುಚಿ, ಮತ್ತೆ ಕೆಂಪಾಯಿತು. ಕೊನೆಗೆ ನಾವು ಒಂದು ಪಾಯಿಂಟಿನಿಂದ ಸೋತೆವು. ಅವರು ಬಾಗಿಲಿಗೆ ಓಡುವ ಮೊದಲು ಧಾರವಾಡದ ಅಪ್ಪನ ಮುಂದೆ ಒಂದು ಕ್ಷಣ ನಿಂತು, "ನಾನು ಇಷ್ಟು ಹೊತ್ತು ತಡೆದದ್ದು ವ್ಯರ್ಥವಾಯಿತಲ್ಲ," ಎಂದರು.

"ನೀವು ತಡದೀರಿ. ಡಿಫೆನ್ಸ್‌ನಾಗ ನಮ್ಮ ಹುಡುಗ್ಯಾರು ತಡೀಲಿಲ್ಲ," ಎಂದು ಇವರು ಅವರ ಬೆನ್ನಿಗೆ ಹೇಳಿದರು.

ಅವತ್ತು ಹೊರಡುವಾಗ ಆ ಅಮ್ಮ ನನ್ನ ಕೈ ಹಿಡಿದುಕೊಂಡು, "ಒಂದ್ಸಲ ಮನೆಗೆ ಬನ್ನಿ, ಖಂಡಿತಾ ಬರ್ಬೇಕು," ಅಂದರು. ನಮ್ಮವರ ಈ ಒಂದ್ಸಲ ನನಗೆ ಚೆನ್ನಾಗಿ ಗೊತ್ತು. ಅದಕ್ಕೆ ವಾರವಿಲ್ಲ, ತಾರೀಕಿಲ್ಲ. ನಾನೂ ಎಷ್ಟೋ ಜನಕ್ಕೆ ಹಾಗೆಯೇ ಹೇಳಿದ್ದೇನೆ, ಆಗ ನನ್ನ ಮನೆ ತುಂಬಿತ್ತು. "ಬರ್ತೀನಿ ಬರ್ತೀನಿ," ಎಂದೆ. ಕಾರ್ ಹೊರಟಿತು. ಕೊತ್ತಂಬರಿ ಸೊಪ್ಪಿನ ವಾಸನೆ ಸ್ವಲ್ಪ ಹೊತ್ತು ಅಲ್ಲೇ ಇತ್ತು.

೫. ಶುರುವಿನ ದೇವರು

ಸೋತು ಸೋತು ಕೋಚ್‌ಗೆ ಸಾಕಾಯಿತು. ಆಕೆ ಆರಡಿ ಎತ್ತರದ ಹೆಂಗಸು, ಮಾತು ಕಡಿಮೆ. ಒಂದು ದಿನ ಲ್ಯಾಬಿಗೇ ಬಂದು, "ನಿಮ್ಮಲ್ಲಿ ಅಡ್ಡಿ ಆತಂಕ ನಿವಾರಿಸುವ ದೇವರಿದ್ದಾನಂತೆ, ನ್ಯೂಯಾರ್ಕಿನ ಫ್ಲಶಿಂಗ್ ದೇವಸ್ಥಾನದಲ್ಲಿ ಸಿಗುತ್ತಾನಂತೆ, ಹೌದೇ?" ಎಂದು ಕೇಳಿದರು. ಧಾರವಾಡದ ಹುಡುಗಿ ಹೇಳಿರಬೇಕು.

ಒಂದು ಭಾನುವಾರ ಇಡೀ ತಂಡ ನನ್ನ ಹಿಂದೆ ಸಬ್‌ವೇ ಹತ್ತಿತು. ನನಗಿಂತ ಒಂದೂವರೆ ಪಟ್ಟು ಎತ್ತರದ ಹುಡುಗಿಯರು, ಮುಂದೆ ಸೀರೆ ಉಟ್ಟ ನಾನು. ಬಹಳ ದಿನದ ಮೇಲೆ ನಾನು ಯಾರನ್ನೋ ಕರೆದುಕೊಂಡು ಹೋಗುತ್ತಿದ್ದೆ. ಮನಸ್ಸಿಗೆ ಹಿತವಾಗಿತ್ತು, ಸುಳ್ಳೇಕೆ ಹೇಳಲಿ.

ಅರ್ಚನೆ ಮಾಡಿಸಲು ಪುರೋಹಿತರು ಹೆಸರು, ನಕ್ಷತ್ರ ಕೇಳಿದರು. ತಂಡದ ಹೆಸರು ಹೇಳಿದೆ. ತಂಡಕ್ಕೆ ನಕ್ಷತ್ರ ಎಲ್ಲಿಂದ ತರಲಿ? ಕೋಚ್ ಮಧ್ಯೆ ಬಾಯಿ ಹಾಕಿ, "ನಮ್ಮ ತೊಂದರೆ ಏನೆಂದು ಅವರಿಗೆ ಸರಿಯಾಗಿ ಹೇಳಿ. ಪೂರ್ತಿ ಆಟ ಬೇಡ, ಕಡೆಯ ನಾಲ್ಕು ನಿಮಿಷ ನೋಡಿಕೊಂಡರೆ ಸಾಕು," ಎಂದರು. ಅದನ್ನೇ ನಾನು ಪುರೋಹಿತರಿಗೆ ಕನ್ನಡದಲ್ಲಿ ಹೇಳಿದೆ.

ಅವರು ಹೂವು ಹಿಡಿದ ಕೈ ಹಾಗೇ ಇಟ್ಟುಕೊಂಡು ಯೋಚಿಸಿದರು. "ಆಟ ಶುರು ಹೇಗಾಗತ್ತಮ್ಮಾ?"

"ಶುರುವಾಗೋದು ಬಹಳ ಚೆನ್ನಾಗಿ ಆಗತ್ತೆ. ಯಾವಾಗಲೂ."

"ಮತ್ತೆ? ಗಣಪತಿ ಆರಂಭದ ದೇವರು. ಅವನ ಕೆಲಸ ಅವನು ಆಗಲೇ ಮಾಡಿಕೊಟ್ಟಿದ್ದಾನಲ್ಲ," ಎಂದರು.

ಕೋಚ್‌ಗೆ ಇಂಗ್ಲಿಷಿನಲ್ಲಿ ಹೇಳಿದೆ. ಆಕೆ ಗಂಭೀರವಾಗಿ ತಲೆ ಆಡಿಸಿ, ಹುಡುಗಿಯರನ್ನು ಕ್ಯಾಂಟೀನಿಗೆ ಕರೆದುಕೊಂಡು ಹೋದರು. ಅಲ್ಲಿ ಅವರು ದೋಸೆ ತಿಂದ ರೀತಿ ನೋಡಬೇಕಿತ್ತು. ಶುರು ಮಾಡಿದ್ದನ್ನು ಆ ಹುಡುಗಿಯರು ಪೂರ್ತಿ ಮುಗಿಸಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

೬. ಸೀನು

ಫೆಬ್ರವರಿ ಕೊನೆಗೆ ಕೊನೆಯ ಆಟ ಬಂತು. ಗೆದ್ದರೆ ಮುಂದಿನ ಬುಧವಾರ ಇನ್ನೊಂದು ಆಟ, ಅದೂ ನಮ್ಮ ಜಿಮ್ಮಿನಲ್ಲೇ. ಸೋತರೆ ಸೀಸನ್ ಮುಗಿಯಿತು, ಇನ್ನು ನವೆಂಬರ್ ತನಕ ಗಡಿಯಾರ ಮುಟ್ಟುವ ಹಾಗಿಲ್ಲ. ಹುಡುಗಿಯರಿಗೆ ಅದು ಮರ್ಯಾದೆಯ ಪ್ರಶ್ನೆ. ನನಗೆ ಸಂಜೆಗಳ ಪ್ರಶ್ನೆ. ಬೆಳಿಗ್ಗೆ ದೇವರಿಗೆ ದೀಪ ಹಚ್ಚುವಾಗ, ತಂಡ ಗೆಲ್ಲಲಿ ಎಂದು ಕೇಳಿಕೊಂಡೆ. ಯಾಕೆಂದು ಅವನಿಗೂ ಬಿಡಿಸಿ ಹೇಳಲಿಲ್ಲ.

ಆಶ್ಚರ್ಯವೆಂದರೆ ಅವತ್ತು ಹುಡುಗಿಯರು ಜಾರಲಿಲ್ಲ. ಕೊನೆಯ ನಿಮಿಷವೂ ಬಂತು, ಒಂದು ಪಾಯಿಂಟ್ ಮುಂದೆಯೇ ಇದ್ದರು. ಬೋರ್ಡಿನಲ್ಲಿ ಮೂರು ಸೆಕೆಂಡ್ ಉಳಿದಿತ್ತು. ಎದುರು ತಂಡದ ಹುಡುಗಿ ಗೆರೆಯಾಚೆ ಚೆಂಡು ಹಿಡಿದು ನಿಂತಳು. ಅವಳು ಎಸೆಯಬೇಕು, ಒಳಗೆ ಯಾರಾದರೂ ಮುಟ್ಟಬೇಕು, ಆ ಕ್ಷಣಕ್ಕೆ ನಾನು ಗಡಿಯಾರ ಬಿಡಬೇಕು. ನನ್ನ ಹೆಬ್ಬೆರಳು ಸ್ವಿಚ್ಚಿನ ಮೇಲಿತ್ತು.

ಅವಳು ಎಸೆದಳು. ಅದೇ ಗಳಿಗೆಗೆ ನನ್ನ ಬೆನ್ನ ಹಿಂದೆ ಧಾರವಾಡದ ಅಪ್ಪ ಸೀನಿದರು. ಒಂದೇ ಒಂದು ಸೀನು.

ನಮ್ಮ ಮನೆಯಲ್ಲಿ ಏನಾದರೂ ಶುರು ಮಾಡುವಾಗ ಒಂಟಿ ಸೀನು ಬಿತ್ತೆಂದರೆ ಮುಗಿಯಿತು. ಹೊಸ್ತಿಲು ದಾಟಿದ ಕಾಲನ್ನು ಹಿಂದೆ ತೆಗೆದುಕೊಳ್ಳಬೇಕು, ಒಂದು ಲೋಟ ನೀರು ಕುಡಿಯಬೇಕು, ಕೂತು ಎದ್ದು ಹೊರಡಬೇಕು. ಎರಡನೆಯ ಸೀನು ಬಂದರೆ ಮಾತ್ರ ದೋಷವಿಲ್ಲ. ಇದನ್ನು ನಾನು ನಂಬುತ್ತೇನೆಯೇ ಎಂದು ಕೇಳಿದರೆ ಇಲ್ಲ ಅನ್ನುತ್ತೇನೆ. ನನ್ನ ಹೆಬ್ಬೆರಳನ್ನು ಯಾರೂ ಕೇಳಿರಲಿಲ್ಲ. ಅದು ಎರಡನೆಯ ಸೀನಿಗೆ ಕಾಯುತ್ತ ನಿಂತುಬಿಟ್ಟಿತು.

ಅಷ್ಟರಲ್ಲಿ ಎದುರು ತಂಡದ ಇನ್ನೊಬ್ಬ ಹುಡುಗಿ ಚೆಂಡು ಹಿಡಿದಳು, ತಿರುಗಿದಳು, ಎಸೆದಳು. ಬುಟ್ಟಿಗೆ ಬಿತ್ತು. ಬೋರ್ಡಿನಲ್ಲಿ ಇನ್ನೂ ಮೂರೇ ಸೆಕೆಂಡ್. ಸೀಟಿ ಊದಿದ ಆ ಮೀಸೆಯ ರೆಫರಿ ಮೇಜಿನ ಹತ್ತಿರ ಬಂದರು.

"ಗಡಿಯಾರ ಯಾಕೆ ಓಡಲಿಲ್ಲ? ಮೆಷಿನ್ ಕೆಟ್ಟಿದೆಯಾ?"

"ಇಲ್ಲ. ಹಿಂದೆ ಒಬ್ಬರು ಸೀನಿದರು."

"ಬೆಚ್ಚಿಬಿದ್ದಿರಾ?"

"ಇಲ್ಲ. ಒಂದೇ ಸಲ ಸೀನಿದರು."

ರೆಫರಿ ನನ್ನನ್ನೇ ನೋಡಿದರು. ನಾನು ಹೊಸ್ತಿಲು, ನೀರು, ಎರಡನೆಯ ಸೀನು ಎಲ್ಲ ಹೇಳಿದೆ. ಇಡೀ ಜಿಮ್ಮಿನಲ್ಲಿ ನನ್ನ ಮಾತು ಅರ್ಥವಾದದ್ದು ನನ್ನ ಹಿಂದಿನ ಸಾಲಿಗೆ ಮಾತ್ರ. ಆ ಅಪ್ಪ ಹಿಂದೆ ಕೂತು, ತಾನು ಮಾಡಿದ ಅನಾಹುತ ತಾನೇ ಸರಿಪಡಿಸಬೇಕೆಂದು, ಪೇಪರ್ ನ್ಯಾಪ್ಕಿನ್ನಿನ ತುದಿ ಹೊಸೆದು ಮೂಗಿನೊಳಗೆ ಆಡಿಸುತ್ತಿದ್ದರು. ಕಣ್ಣಲ್ಲಿ ನೀರು ಬಂದಿತ್ತು, ಸೀನು ಬಂದಿರಲಿಲ್ಲ.

"ಬರಲ್ಲ ಅಂದ್ರೆ ಬಿಡ್ರೀ," ಎಂದು ಹೆಂಡತಿ ಪಿಸುಗುಟ್ಟುತ್ತಿದ್ದರು. ಕೋರ್ಟಿನ ನಡುವಿನಿಂದ ಮಗಳು, "ಅಪ್ಪಾ, ಸಾಕ್ ಮಾಡ," ಎಂದು ಅಪ್ಪಟ ಧಾರವಾಡದಲ್ಲಿ ಹಲ್ಲು ಕಡಿದಳು.

ರೆಫರಿ ಅವರನ್ನು ನೋಡಿದರು, ನನ್ನನ್ನು ನೋಡಿದರು. ತಗ್ಗಿದ ದನಿಯಲ್ಲಿ ಕೇಳಿದರು: "ಎರಡನೆಯದು ಬರುವ ಲಕ್ಷಣ ಇದೆಯಾ, ಅಥವಾ ನಾವು ಆಟ ಮುಂದುವರಿಸಬಹುದಾ?"

ಅವರು ತಮ್ಮ ಮನಸ್ಸಿನಲ್ಲೇ ಸೆಕೆಂಡ್ ಎಣಿಸಿಕೊಂಡಿದ್ದರಂತೆ. ಚೆಂಡು ಬೀಳುವ ಹೊತ್ತಿಗೆ ಎರಡು ಸೆಕೆಂಡ್ ಆಗಿತ್ತು, ಹಾಗಾಗಿ ಆ ಪಾಯಿಂಟ್ ಹೇಗಿದ್ದರೂ ಎದುರು ತಂಡದ್ದೇ. ನನ್ನಿಂದ ಯಾರಿಗೂ ನಷ್ಟವಾಗಲಿಲ್ಲ. ಉಳಿದ ಒಂದು ಸೆಕೆಂಡ್ ನಮ್ಮ ಹುಡುಗಿಯರಿಗೆ ಕೊಟ್ಟರು. ಚೆಂಡು ರಿಂಗಿನ ಸುತ್ತ ಒಂದು ಪ್ರದಕ್ಷಿಣೆ ಬಂದು ಹೊರಗೆ ಬಿತ್ತು. ಈ ಸಲ ನಾನು ಗಡಿಯಾರ ಸರಿಯಾಗಿಯೇ ಬಿಟ್ಟಿದ್ದೆ.

ಜನ ಹೊರಟರು. ನಾನು ಕುರ್ಚಿಯಿಂದ ಏಳಲಿಲ್ಲ. ಅಳು ಬಂತು. ತಂಡಕ್ಕಾಗಿ ಅಲ್ಲ, ಮುಂದಿನ ಬುಧವಾರಕ್ಕಾಗಿ. ಧಾರವಾಡದ ಹುಡುಗಿ ಕಣ್ಣು ಕೆಂಪು ಮಾಡಿಕೊಂಡು ಬಂದು ಪಕ್ಕದಲ್ಲಿ ಕೂತಳು. ತಂಡಕ್ಕೆ ಅಳುತ್ತಿದ್ದೇನೆಂದುಕೊಂಡಳೋ ಏನೋ, ಇಂಗ್ಲಿಷಿನಲ್ಲಿ ಸಮಾಧಾನ ಹೇಳಿದಳು: "ಪರವಾಗಿಲ್ಲ ಆಂಟಿ. ಅಪ್ಪ ಸೀನಿದಾಗ ನಾವು ಗೆಲ್ತಾ ಇದ್ವಿ. ನೀವು ಅಲ್ಲೇ ನಿಲ್ಲಿಸಿದ್ದು ನೋಡಿ ನನಗೆ ಖುಷಿಯಾಯ್ತು." ಇಬ್ಬರೂ ಮೂಗು ಒರೆಸಿಕೊಂಡೆವು.

ಸೋಮವಾರ ಡೈರೆಕ್ಟರ್ ಲ್ಯಾಬಿಗೆ ಬಂದರು. ನನ್ನ ಮುಖ ನೋಡದೆ, ತೊಳೆದಿಟ್ಟ ಸೀಸೆಗಳನ್ನು ನೋಡುತ್ತ ಮಾತಾಡಿದರು. ಗಡಿಯಾರದ ವಿಷಯವಾಗಿ ಎದುರು ತಂಡದ ಕೋಚ್ ದೂರು ಕೊಟ್ಟಿದ್ದಾರೆ. ಲೀಗಿನವರು ನಾನು ಮತ್ತೆ ತರಬೇತಿ ತೆಗೆದುಕೊಳ್ಳಲೇಬೇಕು ಅಂದಿದ್ದಾರೆ. ಸೀಕಾಕಸ್ ಹತ್ತಿರ ಒಂದು ಹೈಸ್ಕೂಲಿನ ಜಿಮ್ಮಿನಲ್ಲಿ, ಬೇಸಿಗೆ ಬರುವ ತನಕ, ಪ್ರತಿ ಬುಧವಾರ ಸಂಜೆ. ಈ ವರ್ಷ ಎಡವಟ್ಟು ಮಾಡಿದ ಗಡಿಯಾರದವರೆಲ್ಲ ಅಲ್ಲಿಗೆ ಬರುತ್ತಾರೆ. ಮೊದಲು ಅಭ್ಯಾಸ, ಆಮೇಲೆ ಎಲ್ಲ ಒಟ್ಟಿಗೆ ಕೂತು ಪಿಜ್ಜಾ ತಿನ್ನುತ್ತ ಯಾರು ಏನು ತಪ್ಪು ಮಾಡಿದರೆಂದು ಚರ್ಚೆ.

"ನಿಮ್ಮಂಥವರಿಗೆ ಇದು ಅವಮಾನ ಅಂತ ನನಗೆ ಗೊತ್ತು," ಎಂದರು. "ಮನೆಗೆ ಹೋಗೋದು ತಡವಾಗುತ್ತೆ. ನಾನು ಎಷ್ಟು ಹೇಳಿದರೂ ಅವರು ಕೇಳಲಿಲ್ಲ."

"ಬುಧವಾರ ಒಂದೇನಾ?" ಎಂದು ಕೇಳಿದೆ.

"ಒಂದೇ, ಒಂದೇ," ಎಂದು ಅವರು ಅವಸರದಿಂದ ಧೈರ್ಯ ಹೇಳಿದರು. "ಅದಕ್ಕಿಂತ ಹೆಚ್ಚಿಗೆ ನಾನು ಬಿಡಲ್ಲ."

"ಅಲ್ಲ, ಶನಿವಾರಾನೂ ಬೇಕು ಅಂದ್ರೆ ಇನ್ನೇನು ತಪ್ಪು ಮಾಡಬೇಕಿತ್ತು?"